ಹಾಡುಗಾರ್ತಿಯ ದನಿ ಮಾತ್ರ ಮಾಯವಾದದ್ದು ಹೇಗೆ?

ಧ್ವನಿ ಉಪಕರಣಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಈ ಸಲದ ಪತ್ರಗಳೆಲ್ಲ ಕೊಡಗಿನಿಂದ ಬಂದವು, ಬಹುತೇಕ ಮಳೆಗಾಲ ಕಳೆದ ಮೇಲೆ ಬರೆದವು. ಪ್ಲಗ್ಗು, ಪಿನ್ನುಗಳ ತಕರಾರು ಯಾವ ತಿಂಗಳಲ್ಲಿ ಹೆಚ್ಚುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ಮಗಳು ಮನೆಯಲ್ಲಿ ಡಿಜಿಟಲ್ ಪಿಯಾನೊ ಅಭ್ಯಾಸ ಮಾಡುತ್ತಾಳೆ. ಅದರ ಹೆಡ್‌ಫೋನ್ ರಂಧ್ರ ದೊಡ್ಡದು, ನಮ್ಮ ಹೆಡ್‌ಫೋನಿನ ಪಿನ್ ಸಣ್ಣದು. ಅಂಗಡಿಯಿಂದ ತಂದ ಮೊದಲ ಅಡಾಪ್ಟರಿನಲ್ಲಿ ಎಡಗಿವಿಗೆ ಮಾತ್ರ ಕೇಳಿಸಿತು. ಎರಡನೆಯದು ಚೆನ್ನಾಗಿಯೇ ಇತ್ತು, ಮಳೆಗಾಲ ಮುಗಿಯುವ ಹೊತ್ತಿಗೆ ಕರಕರ ಶುರುವಾಯಿತು. ಅದನ್ನೇ ಆಂಪ್ಲಿಫೈಯರಿಗೆ ಹಾಕಿ ಹಾಡು ಕೇಳಿದರೆ ವಾದ್ಯಗಳೆಲ್ಲ ಕೇಳುತ್ತವೆ, ಹಾಡುಗಾರ್ತಿಯ ದನಿ ಮಾತ್ರ ಇಲ್ಲ! ಹೆಡ್‌ಫೋನ್ ಕೆಟ್ಟಿದೆಯೇ? ಚಿನ್ನದ ಲೇಪದ ಅಡಾಪ್ಟರ್ ಕೊಂಡರೆ ಸರಿಹೋಗುತ್ತದೆಯೇ? — ನಾಪೋಕ್ಲುವಿನ ಓದುಗರು

ಮಾಯವಾದ ದನಿಯಿಂದಲೇ ಆರಂಭಿಸೋಣ, ಏಕೆಂದರೆ ರೋಗ ಎಲ್ಲಿದೆ ಎಂದು ಅದೇ ಹೇಳುತ್ತಿದೆ. ಹೆಡ್‌ಫೋನ್ ಪಿನ್ನಿನಲ್ಲಿ ಮೂರು ಸಂಪರ್ಕಗಳಿರುತ್ತವೆ. ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸೇರಿದ ವಾಪಸು ದಾರಿ, ಅಂದರೆ ಗ್ರೌಂಡ್. ಅಡಾಪ್ಟರಿನೊಳಗೆ ಬುಡದ ಸಂಪರ್ಕ ಬಿಟ್ಟುಹೋದರೆ ವಿದ್ಯುತ್ತಿಗೆ ಮರಳುವ ದಾರಿ ಇರುವುದಿಲ್ಲ. ಅದು ಎಡಗಿವಿಯ ಸುರುಳಿಯಿಂದ ಬಲಗಿವಿಯ ಸುರುಳಿಗೆ ಹಾದು ಅಲ್ಲಿಂದ ಹೊರಬೀಳುತ್ತದೆ. ಆಗ ನಿಮಗೆ ಕೇಳುವುದು ಎಡ ಮತ್ತು ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸ ಮಾತ್ರ. ಸಿನಿಮಾ ಹಾಡಾಗಲಿ ಭಾವಗೀತೆಯಾಗಲಿ, ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ, ಎರಡೂ ಚಾನೆಲ್‌ಗಳಲ್ಲಿ ಒಂದೇ ಪ್ರಮಾಣದಲ್ಲಿ ಇಟ್ಟಿರುತ್ತಾರೆ. ಸಮವಾದದ್ದರಲ್ಲಿ ಸಮವಾದದ್ದನ್ನು ಕಳೆದರೆ ಸೊನ್ನೆ. ಪಕ್ಕಕ್ಕೆ ಸರಿಸಿಟ್ಟ ವಯೊಲಿನ್, ಗಿಟಾರ್, ಒಂದಿಷ್ಟು ಪ್ರತಿಧ್ವನಿ ಉಳಿದುಕೊಳ್ಳುತ್ತವೆ.

ಖಚಿತಪಡಿಸಿಕೊಳ್ಳಲು ಎಡ ಬಲ ಭೇದವಿಲ್ಲದ ಮೋನೊ ಧ್ವನಿಯೊಂದನ್ನು ಹಾಕಿ ನೋಡಿ. ಫೋನಿನಲ್ಲಿ ಮೋನೊ ಆಗಿ ಮುದ್ರಿಸಿಕೊಂಡ ಯಾರದಾದರೂ ಮಾತು ಸಾಕು. ಹೆಚ್ಚುಕಡಿಮೆ ಪೂರ್ತಿ ನಿಶ್ಶಬ್ದವಾದರೆ ಗ್ರೌಂಡ್ ಹೋಗಿದೆ ಎಂದೇ ಅರ್ಥ. ಬಳಿಕ ಅಡಾಪ್ಟರ್ ತೆಗೆದು, ಹೆಡ್‌ಫೋನಿನ ಸಣ್ಣ ಪಿನ್ನನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ದನಿ ಮರಳಿದರೆ ಹೆಡ್‌ಫೋನ್ ನಿರ್ದೋಷಿ. ಬಹಳ ಮಂದಿ ಈ ಹಂತದಲ್ಲೇ ಒಳ್ಳೆಯ ಹೆಡ್‌ಫೋನನ್ನು ಮೂಲೆಗೆಸೆದು ಹೊಸದನ್ನು ಕೊಳ್ಳುತ್ತಾರೆ, ಅದನ್ನೂ ಅದೇ ಹಳೆಯ ಅಡಾಪ್ಟರಿಗೆ ಸಿಕ್ಕಿಸುತ್ತಾರೆ.

ಮೊದಲ ಅಡಾಪ್ಟರಿನ ಕಥೆ ಬೇರೆ. ಅದು ಕೆಟ್ಟದ್ದಲ್ಲ, ಮೋನೊ. ನಮ್ಮ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊಡ್ಡ ಪಿನ್ನಿಗೆ ‘ಪಿ-38’ ಎಂದೂ ಸಣ್ಣದಕ್ಕೆ ‘ಇಪಿ’ ಎಂದೂ ಹೇಳುವ ರೂಢಿ. ಬರಿಯ ಪಿ-38 ಕೇಳಿದರೆ ಮೈಕ್ ಮತ್ತು ಗಿಟಾರಿಗೆ ಬಳಸುವ ಮೋನೊ ಪಿನ್ ಕೈಗೆ ಬರುವುದೇ ಹೆಚ್ಚು. ‘ಪಿ-38 ಸ್ಟೀರಿಯೊ’ ಎಂದು ಕೇಳಿ, ಕೊಟ್ಟದ್ದನ್ನು ಕಣ್ಣಾರೆ ನೋಡಿ. ಪಿನ್ನಿನ ಮೇಲೆ ಕಪ್ಪು ಪಟ್ಟಿ ಒಂದಿದ್ದರೆ ಮೋನೊ, ಎರಡಿದ್ದರೆ ಸ್ಟೀರಿಯೊ. ಅಳತೆ ಮಾತ್ರ ಎರಡಕ್ಕೂ ಒಂದೇ, 6.35 ಮಿಲಿಮೀಟರ್, ಅಂದರೆ ಕಾಲು ಇಂಚು. ಹತ್ತೊಂಬತ್ತನೆಯ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ಪಿನ್ನಿನ ವಂಶವೇ ಇದು. ಸಣ್ಣದು 3.5 ಮಿಲಿಮೀಟರ್, 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಮನೆಮನೆಗೆ ಹಬ್ಬಿತು. ಮೋನೊ ಪಿನ್ನನ್ನು ಸ್ಟೀರಿಯೊ ರಂಧ್ರಕ್ಕೆ ಹಾಕಿದರೆ ಬಲ ಚಾನೆಲ್ ಗ್ರೌಂಡಿಗೆ ತಗುಲಿ ಶಾರ್ಟ್ ಆಗುತ್ತದೆ. ಹೆಡ್‌ಫೋನ್ ರಂಧ್ರಗಳಲ್ಲಿ ಇದನ್ನು ತಾಳಿಕೊಳ್ಳುವ ರಕ್ಷಣೆ ಸಾಮಾನ್ಯವಾಗಿ ಇರುತ್ತದೆ, ಆದರೂ ಆ ಅಡಾಪ್ಟರನ್ನು ಮತ್ತೆ ಪಿಯಾನೊದ ಹತ್ತಿರ ಸುಳಿಯಗೊಡಬೇಡಿ.

ಇನ್ನು ಕೊಳ್ಳುವ ವಿಷಯ. ಅಡಾಪ್ಟರ್ ಧ್ವನಿಯನ್ನು ಉತ್ತಮಗೊಳಿಸುವ ವಸ್ತುವಲ್ಲ. ಲೋಹಕ್ಕೆ ಲೋಹ ಬಿಗಿಯಾಗಿ ತಾಗಿರಬೇಕು, ಅದರ ಭಾರ ಉಪಕರಣದ ಮೇಲೆ ಬೀಳಬಾರದು: ಅದರಿಂದ ಅಪೇಕ್ಷಿಸಬೇಕಾದದ್ದು ಇಷ್ಟೇ. ಆದ್ದರಿಂದ ನಿಮ್ಮ ಹಣ ಹಿಡಿತಕ್ಕೆ ಮತ್ತು ರಚನೆಗೆ ಹೋಗಲಿ, ಡಬ್ಬಿಯ ಮೇಲಿನ ಹೊಗಳಿಕೆಗಲ್ಲ.

ಹೆಡ್‌ಫೋನನ್ನು ಅಂಗಡಿಗೇ ಒಯ್ಯಿರಿ. ಸಣ್ಣ ಪಿನ್ನನ್ನು ಅಡಾಪ್ಟರಿಗೆ ತಳ್ಳಿದಾಗ ಕೊನೆಯಲ್ಲಿ ‘ಟಕ್’ ಎಂದು ಕೂರಬೇಕು. ಕೂತ ಮೇಲೆ ಅಡಾಪ್ಟರನ್ನು ಬೆರಳಲ್ಲಿ ಹಿಡಿದು ವೈರನ್ನು ಕೆಳಗೆ ಇಳಿಬಿಟ್ಟರೆ ಪಿನ್ ಜಾರಬಾರದು. ಹಾಡು ಓಡುತ್ತಿರುವಾಗ ಪಿನ್ನನ್ನು ಒಂದು ಸುತ್ತು ತಿರುಗಿಸಿ. ಎಲ್ಲಿಯೂ ಕರಕರ ಬರಬಾರದು, ದನಿ ಒಂದು ಕಿವಿಗೆ ವಾಲಬಾರದು. ಹೊಸದರಲ್ಲೇ ಕರಕರ ಎನ್ನುವುದು ಬಳಸುತ್ತ ಹೋದಂತೆ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಗ್ಗದ ಅಡಾಪ್ಟರುಗಳ ಒಳಗಿರುವುದು ತೆಳ್ಳಗಿನ ತಗಡಿನ ಸ್ಪ್ರಿಂಗ್. ಒಮ್ಮೆ ಅದು ಬಾಗಿ ಸೋತರೆ ಮತ್ತೆ ಮೊದಲಿನ ಒತ್ತಡ ಬಾರದು.

ಅಂಗಡಿಯವರ ಬಳಿ ವಿದ್ಯುತ್ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುದಿಯಿಂದ ತುದಿಗೆ, ಉಂಗುರದಿಂದ ಉಂಗುರಕ್ಕೆ, ಬುಡದಿಂದ ಬುಡಕ್ಕೆ ಬೀಪ್ ಬರಬೇಕು. ಒಂದರಿಂದ ಇನ್ನೊಂದಕ್ಕೆ ಬರಬಾರದು. ಈ ಪರೀಕ್ಷೆ ಬೇಡ ಎಂದು ಗೊಣಗುವ ಅಂಗಡಿಯಲ್ಲಿ ಕೊಳ್ಳದಿರುವುದೇ ಮೇಲು.

ಪಿಯಾನೊಗೆ ನಾನು ಸೂಚಿಸುವುದು ಗಟ್ಟಿಯಾಗಿ ಉದ್ದಕ್ಕೆ ಚಾಚಿಕೊಳ್ಳುವ ಅಡಾಪ್ಟರನ್ನಲ್ಲ, ನಡುವೆ ಗೇಣುದ್ದದ ಮೆತ್ತನೆಯ ವೈರ್ ಇರುವುದನ್ನು. ಅನೇಕ ಡಿಜಿಟಲ್ ಪಿಯಾನೊಗಳಲ್ಲಿ ಹೆಡ್‌ಫೋನ್ ರಂಧ್ರ ಕೀಲಿಮಣೆಯ ಕೆಳಗೆ ಎಡಬದಿಗೆ ಇರುತ್ತದೆ, ಸರಿಯಾಗಿ ಮಕ್ಕಳ ಮೊಣಕಾಲು ತಾಗುವ ಜಾಗ. ಗಟ್ಟಿ ಅಡಾಪ್ಟರಿನ ಹೊರತುದಿಗೆ ಒಂದು ತಟ್ಟು ಬಿದ್ದರೂ ಅದು ಸನ್ನೆಕೋಲಿನ ಹಾಗೆ ಒಳಗಿನ ರಂಧ್ರವನ್ನು ಮೀಟುತ್ತದೆ. ರಂಧ್ರವನ್ನು ಸರ್ಕ್ಯೂಟ್ ಹಲಗೆಗೆ ಹಿಡಿದಿರುವ ಬೆಸುಗೆ ಬಿರುಕು ಬಿಟ್ಟರೆ ಕೆಲವು ನೂರು ರೂಪಾಯಿಯ ಅಡಾಪ್ಟರಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪಿಯಾನೊವನ್ನೇ ವಾಹನದಲ್ಲಿ ಹೇರಿಕೊಂಡು ಮೈಸೂರಿಗೆ ಹೊರಡಬೇಕಾಗುತ್ತದೆ.

ಚಿನ್ನದ ಲೇಪ? ಚಿನ್ನ ಕಿಲುಬುವುದಿಲ್ಲ ಎಂಬುದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಿಮ್ಮ ಊರಿನಲ್ಲಿ ಅದು ಸಣ್ಣ ಗುಣವಲ್ಲ. ಆದರೆ ಅದರಿಂದ ದನಿ ಇಂಪಾಗುತ್ತದೆ ಎನ್ನುವುದು ಬರಿಯ ಮಾರಾಟದ ಮಾತು. ಅಗ್ಗದ ಸರಕಿನಲ್ಲಿ ಲೇಪ ಎಷ್ಟು ತೆಳುವೆಂದರೆ ಕೆಲವು ತಿಂಗಳ ತಿಕ್ಕಾಟಕ್ಕೆ ಸವೆದು ಕೆಳಗಿನ ನಿಕ್ಕಲ್, ಹಿತ್ತಾಳೆ ಇಣುಕುತ್ತವೆ. ಆ ಸಣ್ಣ ಸಂದುಗಳಲ್ಲೇ ತೇವ ಕೂತು ಹಸಿರು ಚುಕ್ಕೆಗಳು ಏಳುತ್ತವೆ. ಸಡಿಲವಾದ ಚಿನ್ನದ ಅಡಾಪ್ಟರಿಗಿಂತ ಬಿಗಿಯಾದ ನಿಕ್ಕಲ್ ಅಡಾಪ್ಟರ್ ಎಷ್ಟೋ ವಾಸಿ. ನಿಕ್ಕಲ್ ಮಂಕಾದರೆ ಬಟ್ಟೆಯಿಂದ ಒರೆಸಿದರಾಯಿತು. ನ್ಯೂಟ್ರಿಕ್, ಅದರದೇ ಅಗ್ಗದ ಸಾಲಾದ ರೀನ್, ಸ್ವಿಚ್‌ಕ್ರಾಫ್ಟ್, ಆಂಫಿನಾಲ್ ಇವು ವೃತ್ತಿಪರರು ಬಳಸುವ ಹೆಸರುಗಳು. ತೀರಾ ಕಡಿಮೆ ಬೆಲೆಗೆ ಇವುಗಳ ಹೆಸರು ಹೊತ್ತ ಸರಕು ಕಂಡರೆ ಅನುಮಾನಿಸಿ. ಹೆಡ್‌ಫೋನಿನ ಜೊತೆಗೇ ತಿರುಪಿನಂತೆ ತಿರುಗಿಸಿ ಕೂರಿಸುವ ಅಡಾಪ್ಟರ್ ಬಂದಿದ್ದರೆ ಮೊದಲು ಅದನ್ನು ಹುಡುಕಿ. ಬೇರೆ ಕಂಪನಿಯದು ಆ ತಿರುಪಿಗೆ ಕೂರುತ್ತದೆ ಎಂಬ ಭರವಸೆ ಇಲ್ಲ.

ಒಂದು ಕೊನೆಯ ಎಚ್ಚರಿಕೆ. ಮೈಕ್ ಇರುವ ಮೊಬೈಲ್ ಇಯರ್‌ಫೋನಿನ ಪಿನ್ನಿಗೆ ಮೂರು ಕಪ್ಪು ಪಟ್ಟಿ, ನಾಲ್ಕು ಸಂಪರ್ಕ. ಕೆಲವು ಅಡಾಪ್ಟರುಗಳಲ್ಲಿ ಗ್ರೌಂಡಿನ ಸ್ಪ್ರಿಂಗ್ ಹೋಗಿ ಮೈಕಿನ ಸಂಪರ್ಕಕ್ಕೆ ತಾಗುತ್ತದೆ, ಆಗಲೂ ಗಾಯಕರು ಇದೇ ರೀತಿ ಕಣ್ಮರೆಯಾಗುತ್ತಾರೆ. ಪಿಯಾನೊಗೆ ಮೈಕ್ ಇಲ್ಲದ ಹೆಡ್‌ಫೋನೇ ಇರಲಿ. ಬ್ಲೂಟೂತ್ ಹೆಡ್‌ಫೋನ್ ಕೊಂಡು ಈ ಗೋಜಿನಿಂದ ಪಾರಾಗೋಣ ಎಂದುಕೊಳ್ಳಬೇಡಿ. ಬೆರಳು ಒತ್ತಿದ್ದಕ್ಕೂ ಸ್ವರ ಕೇಳಿದ್ದಕ್ಕೂ ನಡುವೆ ತಡವಾಗಿ ಮಗಳ ತಾಳವೇ ಕೆಡುತ್ತದೆ.

ಪ್ರಶ್ನೆ: ಹೊಸ ಫೋನಿನಲ್ಲಿ ಇಯರ್‌ಫೋನ್ ರಂಧ್ರವಿಲ್ಲ. ಬೆಂಗಳೂರಿನಿಂದ ಬಂದ ಮಗನ ಟೈಪ್-ಸಿ ಅಡಾಪ್ಟರ್ ಅವನ ಫೋನಿನಲ್ಲಿ ಕೆಲಸ ಮಾಡುತ್ತದೆ, ನನ್ನದರಲ್ಲಿ ಮಾಡುವುದಿಲ್ಲ. — ಸೋಮವಾರಪೇಟೆಯ ಓದುಗರು

ನೋಡಲು ಒಂದೇ ತೆರನಾದರೂ ಇವುಗಳಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ಬರಿಯ ತಂತಿ. ಫೋನ್ ತಾನೇ ಟೈಪ್-ಸಿ ಮೂಲಕ ಅನಲಾಗ್ ಧ್ವನಿ ಕೊಟ್ಟರೆ ಮಾತ್ರ ಅದು ನಡೆಯುತ್ತದೆ. ಇನ್ನೊಂದರಲ್ಲಿ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿ ಬದಲಿಸುವ ಪುಟ್ಟ ಚಿಪ್, ಅಂದರೆ ಡ್ಯಾಕ್ ಇರುತ್ತದೆ. ಮಗನದು ಮೊದಲ ಜಾತಿಯದಿರಬೇಕು. ಕೊಳ್ಳುವಾಗ ಡಬ್ಬಿಯ ಮೇಲೆ ಡ್ಯಾಕ್ ಎಂದು ಬರೆದಿರುವುದನ್ನೇ ಆರಿಸಿ, ಅದು ಬಹುಪಾಲು ಫೋನುಗಳಿಗೂ ಲ್ಯಾಪ್‌ಟಾಪುಗಳಿಗೂ ಹೊಂದುತ್ತದೆ. ಹಣ ಕೊಡುವ ಮುನ್ನ ಇನ್ನೊಂದು ಕೆಲಸ ಮಾಡಿ: ಕೆಲವು ಕಂಪನಿಗಳ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಹೊರಗಿನ ಉಪಕರಣ ಜೋಡಿಸಲು ಬಿಡುವ ಓಟಿಜಿ ಎಂಬುದನ್ನು ನಾವೇ ಚಾಲೂ ಮಾಡಬೇಕಾಗುತ್ತದೆ. ಅದು ಬಂದ್ ಆಗಿದ್ದರೆ ಡ್ಯಾಕ್ ಇರುವ ಅಡಾಪ್ಟರೂ ಸತ್ತಂತೆ ಬಿದ್ದಿರುತ್ತದೆ.

ಪ್ರಶ್ನೆ: ರಾತ್ರಿ ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಹೆಡ್‌ಫೋನ್ ಹಾಕಿ ಟಿವಿ ನೋಡಬೇಕೆಂದು ಒಂದಕ್ಕೆ ಎರಡಾಗುವ ಜ್ಯಾಕ್ ತಂದೆವು. ನನಗೆ ಜೋರಾಗಿ, ಮನೆಯವರಿಗೆ ಸಣ್ಣದಾಗಿ ಕೇಳುತ್ತದೆ. — ಗೋಣಿಕೊಪ್ಪಲಿನ ಓದುಗರು

ಜ್ಯಾಕಿನ ದೋಷವಲ್ಲ. ನಿಮ್ಮಿಬ್ಬರ ಹೆಡ್‌ಫೋನುಗಳು ಬೇರೆ ಬೇರೆ ಮಾದರಿಯವು, ಒಂದೇ ವೋಲ್ಟೇಜಿಗೆ ಒಂದು ಹೆಚ್ಚು ಸದ್ದು ಮಾಡುತ್ತದೆ, ಇನ್ನೊಂದು ಕಡಿಮೆ. ಜೊತೆಗೆ 32 ಓಮ್‌ನ ಎರಡು ಹೆಡ್‌ಫೋನ್ ಸೇರಿದರೆ ಒಟ್ಟು ತಡೆ 16 ಓಮ್‌ಗೆ ಇಳಿದು ಟಿವಿಯ ಮೇಲಿನ ಹೊರೆ ಹೆಚ್ಚುತ್ತದೆ, ಒಟ್ಟು ದನಿಯೂ ತುಸು ಇಳಿಯಬಹುದು. ಒಂದೇ ಮಾದರಿಯ ಎರಡು ಹೆಡ್‌ಫೋನ್ ಬಳಸಿ, ಇಲ್ಲವೇ ಎರಡು ರಂಧ್ರಗಳಿಗೂ ಬೇರೆ ಬೇರೆ ವಾಲ್ಯೂಮ್ ತಿರುಪು ಇರುವ ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ಕೊಳ್ಳಿ. ದಾಂಪತ್ಯದ ದೃಷ್ಟಿಯಿಂದ ಎರಡನೆಯದೇ ಕ್ಷೇಮ. ಆ ಜ್ಯಾಕನ್ನು ತಿರುವುಮುರುವು ಬಳಸಿ ಟಿವಿ ಮತ್ತು ಫೋನಿನ ಧ್ವನಿಯನ್ನು ಒಂದೇ ಸ್ಪೀಕರಿಗೆ ಸೇರಿಸುವ ಸಾಹಸ ಮಾತ್ರ ಬೇಡ. ಎರಡು ಉಪಕರಣಗಳು ಒಂದರೊಳಗೊಂದು ವಿದ್ಯುತ್ ನೂಕಲು ತೊಡಗುತ್ತವೆ.

ಪ್ರಶ್ನೆ: ಮಡಿಕೇರಿಯ ತೇವಕ್ಕೆ ಪಿನ್ನುಗಳೆಲ್ಲ ಮಂಕಾಗಿವೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬಹುದೇ? — ಮಡಿಕೇರಿಯ ಓದುಗರು

ಬೇಡ. ಅದು ಬಿಟ್ಟುಹೋಗುವ ಎಣ್ಣೆಯ ಪೊರೆ ದೂಳನ್ನು ಹಿಡಿದಿಡುತ್ತದೆ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಉಪಕರಣ ಆರಿಸಿ, ನೂಲು ಬಿಡದ ಬಟ್ಟೆಗೆ ಅದನ್ನು ಸ್ವಲ್ಪ ತಾಗಿಸಿ ಪಿನ್ ಒರೆಸಿ. ರಂಧ್ರದೊಳಗೆ ಬೆಂಕಿಕಡ್ಡಿ, ಸೂಜಿ ತೂರಿಸಬೇಡಿ. ಒರೆಸಿದ ಪಿನ್ನನ್ನು ರಂಧ್ರಕ್ಕೆ ಕೆಲವು ಸಲ ಹಾಕಿ ತೆಗೆದರೆ ಒಳಗಿನ ಸ್ಪ್ರಿಂಗೂ ತಕ್ಕಮಟ್ಟಿಗೆ ಶುಚಿಯಾಗುತ್ತದೆ. ಮರಳು ಕಾಗದ ಹಾಕಿ ಉಜ್ಜಿದರೆ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಪ್ಪಾಗುತ್ತದೆ. ಬಳಸದಿರುವಾಗ ಸಿಲಿಕಾ ಜೆಲ್ ಚೀಲದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೆಣಸನ್ನೂ ಮಾಂಸವನ್ನೂ ಒಣಗಿಸುವ ಒಲೆಯ ಮೇಲಿನ ಅಟ್ಟಕ್ಕೆ ಇವನ್ನು ಏರಿಸುವ ಮನೆಗಳೂ ಇರಬಹುದು. ಬಿಸಿ ಒಳ್ಳೆಯದೇ, ಆದರೆ ಹೊಗೆಯ ಜಿಡ್ಡು ಪಿನ್ನಿಗೆ ಶತ್ರು.

ಪ್ರಶ್ನೆ: ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಹಿರಿಯರು ದುಡಿ ಬಾರಿಸುತ್ತ ಹಾಡುವುದನ್ನು ಮುದ್ರಿಸಿಕೊಳ್ಳಬೇಕು. ಸಣ್ಣ ರೆಕಾರ್ಡರ್ ಇದೆ. ಫೋನಿಗೆಂದು ತಂದ ಕಾಲರ್ ಮೈಕನ್ನು ಅದಕ್ಕೆ ಹಾಕಿದರೆ ದನಿಯೇ ಬರುವುದಿಲ್ಲ. ಹೆಡ್‌ಫೋನ್ ಅಡಾಪ್ಟರ್ ಹಾಕಿದರೆ ಆದೀತೇ? — ವಿರಾಜಪೇಟೆಯ ಓದುಗರು

ಆಗದು. ಫೋನಿನ ಮೈಕಿಗೆ ಮೂರು ಕಪ್ಪು ಪಟ್ಟಿ, ರೆಕಾರ್ಡರಿನ ಮೈಕ್ ರಂಧ್ರಕ್ಕೆ ಬೇಕಾದದ್ದು ಎರಡು ಪಟ್ಟಿಯ ಪಿನ್. ಫೋನಿನ ಪಿನ್ನಿನಲ್ಲಿ ಮೈಕ್ ಇರುವುದು ಬುಡದಲ್ಲಿ, ರೆಕಾರ್ಡರ್ ಹುಡುಕುವುದು ತುದಿಯಲ್ಲಿ. ‘ನಾಲ್ಕು ಪೋಲ್ ಮೈಕಿನಿಂದ ಮೂರು ಪೋಲಿಗೆ’ ಎಂದೇ ಕೇಳಿ ತರಬೇಕು. ಹೆಡ್‌ಫೋನ್ ಅಡಾಪ್ಟರ್ ಅಳತೆಯಲ್ಲಿ ಹೊಂದಿದರೂ ಒಳಗಿನ ತಂತಿ ಬೇರೆ. ಆದರೆ ನಿಮ್ಮ ಕೆಲಸಕ್ಕೆ ಅದೂ ಬೇಕಿಲ್ಲ. ಒಬ್ಬರ ಅಂಗಿಗೆ ಸಿಕ್ಕಿಸುವ ಮೈಕಿನಲ್ಲಿ ಅವರೊಬ್ಬರ ದನಿ ಮುಂದಾಗಿ ಉಳಿದವರೆಲ್ಲ ಹಿಂದೆ ಬೀಳುತ್ತಾರೆ. ರೆಕಾರ್ಡರಿನ ಸ್ವಂತ ಮೈಕುಗಳನ್ನೇ ಬಳಸಿ, ಅದನ್ನು ಹಾಡುವವರ ಮುಂದೆ ಎದೆಮಟ್ಟಕ್ಕೆ ಸ್ಟ್ಯಾಂಡಿನ ಮೇಲಿಡಿ. ಅಡಾಪ್ಟರಿಗೆ ಇಟ್ಟ ಹಣದಲ್ಲಿ ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಕೊಂಡು, ಮುದ್ರಣ ನಡೆಯುವಾಗ ರೆಕಾರ್ಡರಿನ ಹೆಡ್‌ಫೋನ್ ರಂಧ್ರದಿಂದ ಕೇಳುತ್ತಿರಿ. ಆರಂಭಕ್ಕೆ ಮುನ್ನ ದುಡಿಯನ್ನು ಜೋರಾಗಿ ಬಾರಿಸಲು ಹೇಳಿ, ಮಟ್ಟ ತೋರಿಸುವ ಪಟ್ಟಿ ಮೈನಸ್ 12 ಡೆಸಿಬೆಲ್ ದಾಟದಂತೆ ಹೊಂದಿಸಿ. ಹಬ್ಬದ ಹುರುಪಿನಲ್ಲಿ ಅವರು ಇನ್ನಷ್ಟು ಜೋರಾಗಿ ಬಾರಿಸುತ್ತಾರೆ, ಅದಕ್ಕೆ ಜಾಗ ಬೇಕು.