ದೇವರ ಕೃಪೆಯ ಋಣ ತೀರಿಸೋದು ಹೇಗೆ? ಉಪವಾಸ ಜಾಸ್ತಿ ಮಾಡ್ಲಾ, ಸಭೆಯ (ಚರ್ಚಿನ) ಸೇವೆಗೆ ಸೇರ್ಲಾ?

"ಎಷ್ಟು ಮಾಡಿದ್ರೂ ಸಾಲ್ತಿಲ್ಲ ಅನ್ಸುತ್ತೆ" ಅಂತ ಬರೆದಿದೀರಲ್ಲ, ಅದನ್ನ ಓದಿ ಒಂದ್ ನಿಮಿಷ ಫೋನ್ ಕೆಳಗಿಟ್ಟೆ. ಇದು ನಂದೇ ಕಥೆ.

ನಾನು ದೊಡ್ಡ ಕಾಯಿಲೆಯಿಂದ ಎದ್ದು ಬಂದವನು. ಡಾಕ್ಟ್ರೇ ಕೈಚೆಲ್ಲಿದ್ರು, ಸಭೆಯವರೆಲ್ಲ ಪ್ರಾರ್ಥನೆ ಮಾಡಿದ್ರು, ಬದುಕಿದೆ. ಮನೆಗೆ ಬಂದ್ಮೇಲೆ ಒಂದು ನೋಟ್‌ಬುಕ್ ತಗೊಂಡು ನಡುವೆ ಕೆಂಪು ಗೆರೆ ಎಳೆದೆ. ಎಡಗಡೆ ದೇವರು ಮಾಡಿದ್ದು, ಬಲಗಡೆ ನಾನು ಮಾಡಿದ್ದು. ಬುಧವಾರ ಉಪವಾಸ, ಶುಕ್ರವಾರ ಉಪವಾಸ, ದಶಮಾಂಶ (ಸಂಪಾದನೆಯ ಹತ್ತನೇ ಪಾಲು ದೇವರಿಗೆ), ಬೆಳಗಿನ ಪ್ರಾರ್ಥನೆ ಇಷ್ಟು ನಿಮಿಷ. ಒಂದಿನ ತಪ್ಪಿದ್ರೆ ಮಾರನೇ ದಿನ ಡಬಲ್, ಥೇಟ್ ಸಾಲದ ಕಂತು ಕಟ್ಟೋ ಹಾಗೆ.

ಇಲ್ಲೇ ನಾನು ಎಡವಿದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಉಪವಾಸ ತಪ್ಪಲ್ಲ, ದಶಮಾಂಶ ತಪ್ಪಲ್ಲ. ಆ ಬಲಗಡೆ ಕಾಲಂ ತಪ್ಪು. ಅದನ್ನ ಬರೆಯೋಕೆ ಶುರು ಮಾಡಿದ ದಿನಾನೇ ನಾನು ಕೃಪೆನ ಕೂಲಿ ಮಾಡ್ಬಿಟ್ಟೆ. ಬೈಬಲಲ್ಲಿ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ನೇರವಾಗೇ ಹೇಳ್ತಾನೆ, ಕೆಲಸ ಮಾಡಿದವನಿಗೆ ಸಿಗೋದು ಕೂಲಿ, ಅದು ಅವನಿಗೆ ಸಲ್ಲಬೇಕಾದ್ದು, ಕೃಪೆ ಅಲ್ಲ ಅಂತ. ಅದನ್ನ ಎಷ್ಟು ಸಲ ಓದಿದ್ನೋ, ಒಂದ್ಸಲಾನೂ ತಲೆಗೆ ಹತ್ತಿರ್ಲಿಲ್ಲ. ಮತ್ತೆ ಲೆಕ್ಕ ಇಡೋನು ತನ್ನ ಲೆಕ್ಕ ಮಾತ್ರ ಇಡಲ್ಲ, ಪಕ್ಕದವರದ್ದೂ ಇಡ್ತಾನೆ.

ನನ್ನ ತಮ್ಮ ಕುಡೀತಿದ್ದ. ವರ್ಷಗಟ್ಟಲೆ ಅಮ್ಮನ್ನ ಅಳಿಸಿದ. ಒಂದು ಭಾನುವಾರ ಸಭೇಲಿ, ದೇವರು ತನಗೆ ಮಾಡಿದ್ದನ್ನ ಎಲ್ಲರ ಮುಂದೆ ಹೇಳೋ ಸಾಕ್ಷಿ ಹೇಳೋಕೆ ಎದ್ದು ನಿಂತ, ಮಾತೇ ಹೊರಡ್ಲಿಲ್ಲ, "ಸ್ತೋತ್ರ ಕರ್ತನೇ" ಅಂದು ಕೂತ್ಬಿಟ್ಟ. ಸುತ್ತ ಎಲ್ಲರ ಕಣ್ಣಲ್ಲೂ ನೀರು. ನನಗೆ ಬಂದಿದ್ದು ಸಿಟ್ಟು. ಇವನಿಗೇನು ಹಕ್ಕಿದೆ, ಒಂದು ಉಪವಾಸ ಮಾಡಿದಾನಾ ಅಂತ. ಆಮೇಲೆ ಎರಡು ವರ್ಷ ಅವನ ಜೊತೆ ಸರಿಯಾಗಿ ಮಾತಾಡ್ಲಿಲ್ಲ, ಅಷ್ಟರಲ್ಲಿ ಅಮ್ಮ ತೀರಿಕೊಂಡ್ರು, ನಾವಿಬ್ರೂ ಒಟ್ಟಿಗೆ ಕೂತು ಊಟ ಮಾಡಿದ್ದನ್ನ ನೋಡದೇನೇ ಹೋದ್ರು.

ಅವರು ಹೋದ್ಮೇಲೆ ಒಂದು ರಾತ್ರಿ ಲೂಕನ ಸುವಾರ್ತೆಯ 18ನೇ ಅಧ್ಯಾಯ ಓದ್ತಿದ್ದೆ, ಯೇಸು ಹೇಳಿದ ಒಂದು ಸಾಮ್ಯ. ಧರ್ಮಶಾಸ್ತ್ರನ ಕಟ್ಟುನಿಟ್ಟಾಗಿ ಪಾಲಿಸೋ ಫರಿಸಾಯ ದೇವಾಲಯದಲ್ಲಿ ಮಾಡೋ ಪ್ರಾರ್ಥನೆ ಶುರುವಾಗೋದೇ ಸ್ತೋತ್ರದಿಂದ, ಗಮನಿಸಿದೀರಾ? ನಾನು ಬೇರೆಯವರ ಹಾಗಲ್ಲ ಅಂತ ದೇವರಿಗೆ ಸ್ತೋತ್ರ ಹೇಳ್ತಾನೆ, ಆಮೇಲೆ ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯಲ್ಲಿ ಹತ್ತನೇ ಪಾಲು ಅಂತ ಪಟ್ಟಿ ಕೊಡ್ತಾನೆ. ನನ್ನ ಬಲಗಡೆ ಕಾಲಂ ಅಕ್ಷರಕ್ಕಕ್ಷರ ಅದೇ! ನೀತಿವಂತನಾಗಿ ಮನೆಗೆ ಹೋದೋನು ಮಾತ್ರ ಎದೆ ಬಡ್ಕೊಂಡು ನಿಂತ, ಜನ ಪಾಪಿ ಅಂತಿದ್ದ ಸುಂಕದವನು.

ಅದಕ್ಕೇ ಉಪವಾಸನಾ ಸೇವೆನಾ ಅನ್ನೋ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಋಣ ಅನ್ನೋ ಪದಾನೇ ಅಲ್ಲಿಗೆ ಸೇರಲ್ಲ. ಗ್ರೀಕಲ್ಲಿ ಕೃಪೆಗೆ ಖಾರಿಸ್ ಅಂತಾರೆ, ಕೃತಜ್ಞತಾಸ್ತುತಿಗೆ ಯೂಖಾರಿಸ್ತಿಯ, ಒಂದರ ಹೊಟ್ಟೇಲೇ ಇನ್ನೊಂದಿದೆ. ಯೇಸುವಿನಿಂದ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದ ಆ ಸಮಾರ್ಯದವನು ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಬಂದ್ನಾ? ದೇವರನ್ನ ಕೊಂಡಾಡ್ತಾ ಬಂದ, ಯೇಸುವಿನ ಕಾಲಿಗೆ ಬಿದ್ದು ಸ್ತೋತ್ರ ಹೇಳಿದ, ಅಷ್ಟೇ.

ನನ್ನ ಮಾತು ಕೇಳೋದಾದ್ರೆ ಈ ವಾರ ಉಪವಾಸ ಬಿಟ್ಬಿಡಿ. ಬಿಟ್ರೆ ದೇವರು ಏನಾದ್ರೂ ಕಿತ್ಕೋತಾನೆ ಅಂತ ಭಯ ಆಗುತ್ತೆ, ನನಗೂ ಆಗಿತ್ತು. ಆ ಭಯಾನೇ ಪ್ರಾರ್ಥನೇಲಿ ಹೇಳ್ಕೊಳ್ಳಿ. ಸಭೇಲಿ ಯಾರ ಸಾಕ್ಷಿ ಕೇಳಿದ್ರೆ ನಿಮಗೆ ಮೈ ಉರಿಯುತ್ತೋ, ಅವರಿಗೊಂದು ಫೋನ್ ಮಾಡಿ. ನಾನು ಮಾಡಿದಾಗ ತಮ್ಮ "ಏನಣ್ಣಾ, ಊಟ ಆಯ್ತಾ" ಅಂದ, ನಿನ್ನೆ ತಾನೇ ಮಾತಾಡಿದ್ವೇನೋ ಅನ್ನೋ ಹಾಗೆ.