ಔಷಧಿಯ ಜೊತೆ ಒಳಗೆ ಹೋಗುವುದೇನು?

ಜಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರಾಂಶ: ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಸುದ್ದಿ ಓದಿ ಮನೆಯಲ್ಲಿದ್ದ ಸಿರಪ್ಪನ್ನೆಲ್ಲ ಬಚ್ಚಲಿಗೆ ಸುರಿದೆ. ಈಗ ಮೂರು ವರ್ಷದ ಮೊಮ್ಮಗನಿಗೆ ಜ್ವರ ಬಂದರೆ ನಮ್ಮ ಮಾತ್ರೆಯನ್ನೇ ಅರ್ಧ ಮುರಿದು ಪುಡಿ ಮಾಡಿ ಕೊಡುತ್ತೇನೆ, ಸರಿಯೇ? ನಮ್ಮ ಓಣಿಯ ಕೆಲವು ಹುಡುಗರು ನೋವಿನ ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುತ್ತಾರೆ. ಕೇಳಿದರೆ ‘ಇದು ಕಂಪನಿ ಮಾಲು, ಕಲಬೆರಕೆ ಇಲ್ಲ’ ಅನ್ನುತ್ತಾರೆ. ಯಜಮಾನರು ಸಂತೆಯಲ್ಲಿ ತಂದ ಮಂಡಿನೋವಿನ ಪುಡಿಯಿಂದ ಎರಡೇ ದಿನಕ್ಕೆ ನೋವು ಹೋಗಿದೆ. ಅದರಲ್ಲೂ ಏನಾದರೂ ಸೇರಿಸಿರುತ್ತಾರೆಯೇ?

ಸಂಪಾದಕರ ಉತ್ತರ:

ತಾಯಿ, ಮೂರು ಪ್ರಶ್ನೆಗೂ ಬೇರು ಒಂದೇ. ಮದ್ದು ಯಾವುದೆಂದು ನಾವೆಲ್ಲ ಕೇಳುತ್ತೇವೆ, ಅದರ ಜೊತೆ ಏನು ಬೆರೆಸಿದ್ದಾರೆಂದು ಕೇಳುವುದಿಲ್ಲ. ಕರಗಿಸಲು, ಗಟ್ಟಿಯಾಗಿ ಕಟ್ಟಲು, ಸಿಹಿ ಮಾಡಲು, ಕೆಡದಂತೆ ಇಡಲು ಏನಾದರೊಂದನ್ನು ಬೆರೆಸಲೇಬೇಕು. ಅಪಾಯ ಹುಟ್ಟುವುದು ಎಷ್ಟೋ ಸಲ ಅಲ್ಲಿಂದಲೇ.

ಸಿರಪ್ಪಿನಿಂದ ಶುರು ಮಾಡೋಣ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನ ಮೇಲೆ ‘5 ಮಿ.ಲೀ.ಗೆ 120 ಮಿ.ಗ್ರಾಂ’ ಎಂದು ಬರೆದಿರುತ್ತದೆ. ಬರೀ ನೀರಾದರೆ 5 ಮಿ.ಲೀ.ನಲ್ಲಿ ಸುಮಾರು 70 ಮಿ.ಗ್ರಾಂ ಮಾತ್ರ ಕರಗುತ್ತದೆ. ಉಳಿದದ್ದು ತಳಕ್ಕೆ ಕೂರದಿರಲಿ ಎಂದು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಸೇರಿಸುತ್ತಾರೆ. ಔಷಧ ದರ್ಜೆಯವಾದರೆ ಆತಂಕವಿಲ್ಲ. ಆದರೆ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆ ದ್ರಾವಣವಿದೆ. ಅದೂ ಬಣ್ಣವಿಲ್ಲದ್ದು, ಮಂದವಾದದ್ದು, ಸಿಹಿಯಾದದ್ದು, ಬೆಲೆಯೂ ಕಡಿಮೆ. ಪೂರೈಕೆದಾರ ಮೋಸ ಮಾಡಿದರೆ, ತಯಾರಕ ಪ್ರತಿ ಡ್ರಮ್ಮನ್ನೂ ಪರೀಕ್ಷಿಸದೆ ಬಳಸಿದರೆ, ವಿಷ ನೇರ ಮಗುವಿನ ಬಾಯಿಗೆ ಬರುತ್ತದೆ. ಕರಗಿಸುವ ದ್ರವದಲ್ಲಿ ಇದು ಶೇ. 0.1 ಮೀರಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಮಕ್ಕಳು ಕುಡಿದ ಸಿರಪ್ಪಿನಲ್ಲಿ ತಮಿಳುನಾಡಿನ ಪ್ರಯೋಗಾಲಯಕ್ಕೆ ಸಿಕ್ಕಿದ್ದು ಶೇ. 48.6. ಇದು ಕೈತಪ್ಪಿನಿಂದ ಸೇರಿದ ಚೂರಲ್ಲ, ಹತ್ತಿರ ಹತ್ತಿರ ಅರ್ಧ ಬಾಟಲಿ ವಿಷ.

ಹೊಸ ಕಥೆಯೂ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ದ್ರವದಲ್ಲಿ ಕರಗಿಸಿದ ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ನಮ್ಮಲ್ಲಿ 1986ರಲ್ಲಿ ಮುಂಬೈ, 1998ರಲ್ಲಿ ಗುರುಗ್ರಾಮ, 2020ರಲ್ಲಿ ಜಮ್ಮುವಿನ ಉಧಂಪುರ ಜಿಲ್ಲೆ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದ ಮಕ್ಕಳು. ಗ್ಯಾಸ್ ಕ್ರೊಮಟೋಗ್ರಫಿ ಎಂಬ ಪರೀಕ್ಷೆ ಇದನ್ನು ಹಿಡಿದುಕೊಡುತ್ತದೆ. ಮಾಡಬೇಕಾದವರು ಮಾಡಲಿಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ.

ಮನೆಯಲ್ಲಿ ಮೂಸಿ, ನೆಕ್ಕಿ, ಬೆಳಕಿಗೆ ಹಿಡಿದು ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಮಗುವಿನ ಮೇಲೆ ಕಣ್ಣಿಡಬೇಕು. ಮೊದಲು ವಾಂತಿ, ಹೊಟ್ಟೆನೋವು, ಮಂಪರು. ಒಂದರಿಂದ ಮೂರು ದಿನದೊಳಗೆ ಮೂತ್ರ ಕಡಿಮೆಯಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ, ಮುಖ ಊದುತ್ತದೆ. ಯಕೃತ್ತಿನಲ್ಲಿ ಈ ವಿಷ ಒಡೆದು ಹುಟ್ಟುವ ಡೈಗ್ಲೈಕಾಲಿಕ್ ಆಮ್ಲ ಮೂತ್ರಪಿಂಡದ ಸಣ್ಣ ನಾಳಗಳನ್ನು ಸಾಯಿಸುವುದೇ ಕಾರಣ. ಸಿರಪ್ ಕೊಟ್ಟ ಮಗು ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ ‘ನೀರು ಕುಡಿದಿಲ್ಲ, ಅದಕ್ಕೇ’ ಎಂದು ಕಾಯಬೇಡಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಡಯಾಲಿಸಿಸ್ ಇರುವ ಬೇರೆ ದೊಡ್ಡ ಆಸ್ಪತ್ರೆಗೋ ತಕ್ಷಣ ಕರೆದೊಯ್ಯಿರಿ. ಬಾಟಲಿ, ಡಬ್ಬಿ, ಬಿಲ್ ಜೊತೆಗಿರಲಿ.

ಬಚ್ಚಲಿಗೆ ಸುರಿದದ್ದನ್ನು ಮಾತ್ರ ನಾವು ಒಪ್ಪುವುದಿಲ್ಲ. ಅನುಮಾನ ಬಂದ ಬಾಟಲಿಯೇ ಸಾಕ್ಷಿ. ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಬ್ಯಾಚ್ ಸಂಖ್ಯೆ ಬರೆದುಕೊಳ್ಳಿ, ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಿಳಿಸಿ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 26ನೇ ಕಲಂ ಪ್ರಕಾರ, ತಾನು ಕೊಂಡ ಔಷಧವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಈ ಹಕ್ಕು ಇದೆಯೆಂದೇ ಜನರಿಗೆ ಗೊತ್ತಿಲ್ಲ. ಔಷಧದಿಂದ ತೊಂದರೆಯಾದರೆ ಉಚಿತ ಸಂಖ್ಯೆ 1800-180-3024ಕ್ಕೂ ದೂರು ಕೊಡಬಹುದು.

ಇನ್ನು ಅರ್ಧ ಮಾತ್ರೆ. ದಯವಿಟ್ಟು ನಿಲ್ಲಿಸಿ. ಪ್ಯಾರಾಸಿಟಮಾಲ್ ಲೆಕ್ಕ ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಮೊಮ್ಮಗ 12 ಕಿಲೋ ಇದ್ದರೆ 120ರಿಂದ 180 ಮಿ.ಗ್ರಾಂ ಸಾಕು, 500ರ ಮಾತ್ರೆಯಲ್ಲಿ ಅರ್ಧವೆಂದರೆ 250. ಅದೂ ಸರಿಯಾಗಿ ಎರಡು ಭಾಗವಾಗಿ ಮುರಿದರೆ ಆ ಮಾತು. ಹೆಸರಿನ ಜೊತೆ ‘ಎಸ್‌ಆರ್’, ‘ಇಆರ್’ ಎಂದಿರುವ ಮಾತ್ರೆಗಳನ್ನಂತೂ ದೊಡ್ಡವರಿಗೂ ಪುಡಿ ಮಾಡಬಾರದು. ದಿನವಿಡೀ ನಿಧಾನವಾಗಿ ಬಿಡಬೇಕಾದ ಮದ್ದು ಒಂದೇ ಏಟಿಗೆ ರಕ್ತಕ್ಕೆ ಸೇರುತ್ತದೆ. ಜ್ವರಕ್ಕೆ ವೈದ್ಯರು ಬರೆದ ಸಿರಪ್ಪನ್ನು ಬಿಲ್ ಸಮೇತ ತಂದು, ಅದರ ಅಳತೆ ಮುಚ್ಚಳದಲ್ಲೇ ಕೊಡಿ, ಅಡುಗೆ ಚಮಚದಲ್ಲಿ ಬೇಡ. ಕೆಮ್ಮಿಗಾದರೆ ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಿರಪ್ಪೇ ಬೇಡ ಎಂಬುದು ಕೇಂದ್ರ ಆರೋಗ್ಯ ಇಲಾಖೆಯ ಸಲಹೆ. ವರ್ಷ ತುಂಬಿದ ಮಗುವಿಗೆ ಜೇನುತುಪ್ಪ ಕೊಡಬಹುದು, ಅದಕ್ಕೂ ಚಿಕ್ಕದಕ್ಕೆ ಅದೂ ಕೂಡದು.

ನಿಮ್ಮ ಓಣಿಯ ಹುಡುಗರ ಮಾತು ನಮ್ಮನ್ನು ಬಹಳ ಕಾಡಿತು. ಮಾತ್ರೆ ಕಂಪನಿಯದೇ ಇರಬಹುದು, ಆದರೆ ಅದನ್ನು ಮಾಡಿದ್ದು ಹೊಟ್ಟೆಗೆ, ರಕ್ತನಾಳಕ್ಕಲ್ಲ. ಮಾತ್ರೆಯನ್ನು ಕಟ್ಟಲು ಹಾಕುವ ಜೋಳದ ಪಿಷ್ಟ, ಸೆಲ್ಯುಲೋಸ್, ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ. ಹೊಟ್ಟೆಗೆ ಹೋದರೆ ಮಲದಲ್ಲಿ ಹೋಗಿಬಿಡುತ್ತವೆ ಇಲ್ಲವೆ ಜೀರ್ಣವಾಗುತ್ತವೆ. ರಕ್ತನಾಳಕ್ಕೆ ಚುಚ್ಚಿದರೆ ಹೃದಯ ದಾಟಿ ಶ್ವಾಸಕೋಶಕ್ಕೆ ಬಂದು ನಿಲ್ಲುತ್ತವೆ. ಅಲ್ಲಿನ ಲೋಮನಾಳದ, ಅಂದರೆ ಅತಿ ಸಣ್ಣ ರಕ್ತನಾಳದ, ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ. ಸೆಲ್ಯುಲೋಸ್ ಕಣ ಅದರ ಹಲವು ಪಟ್ಟು ದಪ್ಪ. ಬಟ್ಟೆಯಲ್ಲಿ, ಹತ್ತಿಯಲ್ಲಿ ಸೋಸಿದರೂ ಸಣ್ಣ ಕಣಗಳು ಉಳಿಯುತ್ತವೆ. ಸಿಕ್ಕಿಕೊಂಡ ಪ್ರತಿ ಕಣದ ಸುತ್ತ ಗಂಟು ಕಟ್ಟುತ್ತದೆ, ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ, ಇಪ್ಪತ್ತೈದರ ಹುಡುಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಆ ಗಂಟುಗಳನ್ನು ಕರಗಿಸುವ ಮದ್ದಿಲ್ಲ. ಸೂಜಿ ತಪ್ಪಿ ಅಪಧಮನಿಗೆ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ, ಹೋದರೆ ಬೆರಳುಗಳು ಕಪ್ಪಾಗಿ ಕತ್ತರಿಸುವ ಪ್ರಮೇಯ ಬರುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ.

ಬೀದಿಯಲ್ಲಿ ಸಿಗುವ ಪುಡಿಗಳಿಗಂತೂ ಲೇಬಲ್ಲೂ ಇಲ್ಲ, ಬ್ಯಾಚೂ ಇಲ್ಲ. ಹೆರಾಯಿನ್‌ಗೆ ಕೆಫೀನ್, ಪ್ಯಾರಾಸಿಟಮಾಲ್, ಕ್ವಿನೈನ್ ಬೆರೆಸುತ್ತಾರೆ. ಕೊಕೇನ್‌ಗೆ ದನಗಳ ಜಂತುಹುಳದ ಮದ್ದು ಲೆವಮಿಸೋಲ್ ಬೆರೆಸುವುದುಂಟು. ಅದು ರಕ್ತದ ಬಿಳಿಕಣಗಳನ್ನೇ ಇಳಿಸುತ್ತದೆ. ಕಳೆದ ವಾರದ ಅಳತೆ ಈ ವಾರ ಪ್ರಾಣ ತೆಗೆಯಬಹುದು.

ಆ ಹುಡುಗರನ್ನು ಬೈದು ಓಡಿಸಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446, ಉಚಿತ. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಪಾಪೆ ಸಾಸಿವೆಯಷ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಏನು ತೆಗೆದುಕೊಂಡಿದ್ದನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ, ಹೇಳಿದರಷ್ಟೇ ಅದು ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಯಜಮಾನರ ಪುಡಿಯ ವಿಷಯ. ಹಳೆಯ ಮಂಡಿನೋವನ್ನು ಎರಡು ದಿನದಲ್ಲಿ ಅಳಿಸುವ ಗಿಡಮೂಲಿಕೆ ನಮಗೆ ಗೊತ್ತಿಲ್ಲ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಬೆರೆಸಿದ ಪುಡಿಗಳು ಹಾಗೆ ಮಾಡುತ್ತವೆ. ಹಸಿವು ಹೆಚ್ಚಿದೆಯೇ, ಮುಖ ದುಂಡಗಾಗಿದೆಯೇ, ಸಕ್ಕರೆ ಏರಿದೆಯೇ ನೋಡಿ. ವಾರಗಟ್ಟಲೆ ತಿಂದಿದ್ದರೆ ಇವತ್ತೇ ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹ ತಾನೇ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ಸುಸ್ತು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಪುಡಿಯ ಪೊಟ್ಟಣದ ಸಮೇತ ಈ ವಾರವೇ ಅವರನ್ನು ಎಂ.ಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೇಗೆ ಇಳಿಸುತ್ತ ಬಿಡಿಸಬೇಕೆಂದು ಅವರು ಹೇಳುತ್ತಾರೆ.