ಆನ್‌ಲೈನ್‌ಗೆ ಹೋಗುವ ಮುಂಚೆ ಆಲ್ಬಂ ಅವ್ವನ ಮುಂದೆ ಬರಲಿ

ಪ್ರಶ್ನೆ: ಸರ್, ನಮ್ಮ ಅಪ್ಪ ಶಾಲೆಯಲ್ಲಿ ಮಾಸ್ತರರಾಗಿದ್ದರು. ಕ್ಯಾಮೆರಾ ಹುಚ್ಚು ಬಹಳ. ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸ್, ನಮ್ಮ ಹಳ್ಳಿಯ ಮೊಹರಂ ಅಲಾಯಿ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು, ಮನೆಯ ಮದುವೆ, ತೊಟ್ಟಿಲು, ಎಲ್ಲದರ ಚಿತ್ರ ತೆಗೆದಿದ್ದಾರೆ. ಅವರು ತೀರಿಕೊಂಡ ಮೇಲೆ ಆಲ್ಬಂಗಳು ಅಲಮಾರಿಯಲ್ಲೇ ಇವೆ. ಎಲ್ಲವನ್ನೂ ಫೇಸ್‌ಬುಕ್‌ಗೆ ಹಾಕಿಬಿಡೋಣ ಅಂತ ತಮ್ಮ ಹೇಳುತ್ತಾನೆ. ಅವ್ವ ಬೇಡ ಅನ್ನುತ್ತಾಳೆ. ಹಾಕಬೇಕೋ ಬೇಡವೋ? ಹಾಕುವುದಾದರೆ ಎಲ್ಲಿ?
(ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ)

ಉತ್ತರ: ಹಾಕಿ. ಆದರೆ ತಮ್ಮನ ಕೈಗೆ ಕೊಡುವ ಮುಂಚೆ ಆಲ್ಬಂಗಳನ್ನು ಅವ್ವನ ಮುಂದೆ ಇಡಿ. ಅವರು ಯಾಕೆ ಬೇಡ ಅನ್ನುತ್ತಾರೆ ಅಂತ ಕೇಳಿದ್ದೀರಾ? ತೊಟ್ಟಿಲ ಚಿತ್ರದಲ್ಲಿ ಬಾಣಂತಿ ಇರುತ್ತಾಳೆ. ಮದುವೆ ಚಿತ್ರದಲ್ಲಿ ಈಗ ಸಂಬಂಧ ಕಡಿದುಕೊಂಡವರು ಇರಬಹುದು. ಅದು ಅವ್ವನಿಗೆ ಗೊತ್ತಿರುತ್ತದೆ, ತಮ್ಮನಿಗೆ ಗೊತ್ತಿರುವುದಿಲ್ಲ. ಬೀದಿಯಲ್ಲಿ ನಡೆದದ್ದು ಊರಿಗೆ, ಮನೆಯೊಳಗೆ ನಡೆದದ್ದು ಮನೆಗೆ. ಮೊದಲು ಹೀಗೆ ಎರಡು ಪಾಲು ಮಾಡಿ. ಜಾತ್ರೆ, ಉರುಸ್, ಅಲಾಯಿ ಊರಿನ ಪಾಲು. ತೊಟ್ಟಿಲು, ಶವಸಂಸ್ಕಾರ, ಮಕ್ಕಳ ಸ್ನಾನದ ಚಿತ್ರಗಳು ಮನೆಯ ಪಾಲು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜೆ ಕಡುಬು ಬಡಿಸುತ್ತಿರುವ ಹೆಂಗಸರ ಚಿತ್ರ ನಡುವಿನದು. ಅವರನ್ನೋ ಅವರ ಮನೆಯವರನ್ನೋ ಕೇಳಿ ಹಾಕಿ. ಒಂದು ಫೋನ್ ಸಾಕು.

ಅವ್ವನ ಮುಂದೆ ಇಡಿ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಹೆಸರುಗಳು ಅವರ ಬಳಿ ಇವೆ. ಫೋಟೋ ಸ್ಟುಡಿಯೋ ನಡೆಸಿದವನಾಗಿ ಹೇಳುತ್ತೇನೆ: ಮಸುಕಾದ ಚಿತ್ರವನ್ನು ಎಷ್ಟೋ ಮಟ್ಟಿಗೆ ಸರಿ ಮಾಡಬಹುದು. ಯಾರದು, ಎಲ್ಲಿಯದು, ಯಾವಾಗಿನದು ಅಂತ ಗೊತ್ತಿಲ್ಲದ ಚಿತ್ರಕ್ಕೆ ಯಾವ ಲ್ಯಾಬ್‌ನಲ್ಲೂ ಔಷಧಿ ಇಲ್ಲ. ಆನ್‌ಲೈನ್‌ನಲ್ಲಿ ‘ಹಳೆಯ ನೆನಪು’ ಅಂತ ಬರೆದು ಬಿಟ್ಟ ಚಿತ್ರಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೆಹರು ಗಂಜಿನ ತೊಗರಿ ರಾಶಿ, ಹಮಾಲರ ಚಿತ್ರಗಳನ್ನು ನಾನು ಹಂಚಿಕೊಳ್ಳುವ ಮುಂಚೆ ಪ್ರಿಂಟ್ ಹಿಡಿದು ಗಂಜಿಗೇ ಹೋದೆ. ಹಿರಿಯ ಹಮಾಲರೊಬ್ಬರು ಚೀಲದ ಮೇಲಿನ ಗುರುತು ನೋಡಿಯೇ ಅದು ಯಾವ ಅಡತ್ (ದಲಾಲಿ) ಅಂಗಡಿಯ ಮಾಲು ಅಂತ ಹೇಳಿದರು. ಚಿತ್ರ ತೆಗೆದವನು ನಾನು. ಆದರೂ ಅದು ನನಗೆ ಗೊತ್ತಿರಲಿಲ್ಲ.

ಅವ್ವ ಮಾತನಾಡುವಾಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂದಿನ ಬದಿಗೆ ಮೂಡುತ್ತದೆ.

ಇಸವಿ ಯಾರಿಗೂ ನೆನಪಿಲ್ಲದಿದ್ದರೆ ಚಿತ್ರವನ್ನೇ ಕೇಳಬೇಕು. ಹಿಂದೆ ನಿಂತ ಸ್ಕೂಟರ್ ಅಥವಾ ಲಾರಿಯ ನಂಬರ್ ಪ್ಲೇಟ್ ನೋಡಿ. ನಮ್ಮ ಕಲಬುರಗಿಯ ಕೆಎ 32 ಅಂತಿದ್ದರೆ ಚಿತ್ರ 1989ಕ್ಕಿಂತ ಹಿಂದಿನದಲ್ಲ. ಕೆಎ ನಂಬರ್ ಬಂದದ್ದೇ ಆ ವರ್ಷ ಜಾರಿಗೆ ಬಂದ ಹೊಸ ಮೋಟಾರು ಕಾಯ್ದೆಯ ನಂತರ. ಉರುಸಿನ ಚಿತ್ರವಾದರೆ ಹವಾಮಾನ ನೋಡಿ. ಬಂದೇನವಾಜರ ಉರುಸ್ ನಡೆಯುವುದು ಇಸ್ಲಾಮಿ ಕ್ಯಾಲೆಂಡರ್‌ನ ಜಿಲ್ಕಾದ್ ತಿಂಗಳಲ್ಲಿ. ಚಾಂದ್ರಮಾನದ ಆ ವರ್ಷ ನಮ್ಮ ಕ್ಯಾಲೆಂಡರ್‌ಗಿಂತ ಸುಮಾರು 11 ದಿನ ಗಿಡ್ಡ. ಹಾಗಾಗಿ ಉರುಸ್ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. 1970ರಲ್ಲಿ ಅದು ಬಿದ್ದದ್ದು ಜನವರಿಯಲ್ಲಿ, 1980ರಲ್ಲಿ ಸೆಪ್ಟೆಂಬರ್‌ನಲ್ಲಿ, 1990ರಲ್ಲಿ ಜೂನ್‌ನಲ್ಲಿ. ಮೆಹಬೂಬ್ ಗುಲ್ಶನ್ ಗಾರ್ಡನ್‌ನಿಂದ ಹೊರಟ ಸಂದಲ್ (ಗಂಧದ) ಮೆರವಣಿಗೆಯಲ್ಲಿ ಜನ ಸ್ವೆಟರ್ ಹಾಕಿದ್ದಾರೋ ಛತ್ರಿ ಹಿಡಿದಿದ್ದಾರೋ ನೋಡಿದರೆ ಇಸವಿಯ ಹತ್ತಿರ ಬರಬಹುದು. ಶರಣಬಸವೇಶ್ವರ ಜಾತ್ರೆಗೆ ಈ ಉಪಾಯ ನಡೆಯುವುದಿಲ್ಲ. ಅದು ಯಾವಾಗಲೂ ಹೋಳಿಯ ನಂತರ ಐದನೇ ದಿನ, ಯಾವಾಗಲೂ ಬಿಸಿಲು. ಅಲ್ಲಿ ತೇರಿನ ಅಲಂಕಾರ, ಹಿಂದಿನ ಅಂಗಡಿಗಳು, ಅಂಗಿಯ ಕಾಲರ್ ಇವೇ ಸಾಕ್ಷಿ. ಇಷ್ಟಾದ ಮೇಲೂ ಖಾತ್ರಿ ಇಲ್ಲದಿದ್ದರೆ ‘ಸುಮಾರು 1980ರ ಹೊತ್ತಿಗೆ’ ಅಂತಲೇ ಬರೆಯಿರಿ, ಸುಮ್ನೆ ಒಂದು ಇಸವಿ ಹಾಕಬೇಡಿ.

ಊರಿನ ಹೆಸರನ್ನು ಗುಲಬರ್ಗಾ, ಕಲಬುರಗಿ ಎರಡೂ ರೀತಿ ಬರೆಯಿರಿ. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಹೊರಗೆ ಹೋಗಿ ನೆಲೆಸಿದ ಎಷ್ಟೋ ಜನ ಇಂದಿಗೂ ಗುಲಬರ್ಗಾ ಅಂತಲೇ ಹುಡುಕುತ್ತಾರೆ. ಹಳ್ಳಿಯ ಹೆಸರು, ತಾಲ್ಲೂಕು ಕೂಡ ಇರಲಿ.

ಅಲಾಯಿ ಚಿತ್ರಗಳ ಬಗ್ಗೆ ಇನ್ನೊಂದು ಮಾತು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಹುಲಿವೇಷ ಹಾಕುವವರು, ಪೀರಲ ದೇವರಿಗೆ ಸಕ್ಕರೆ ಓದಿಸುವವರು, ಇದರಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಇರುತ್ತಾರೆ ಅಲ್ವಾ? ನಮ್ಮ ಕಡೆಯ ಹಳ್ಳಿಗಳಲ್ಲಿ ಇದು ಸಹಜ. ದೂರದವರಿಗೆ ಇದು ಗೊತ್ತೇ ಇರುವುದಿಲ್ಲ. ಕೆಳಗೆ ನಾಲ್ಕು ಸಾಲು ಬರೆಯದೆ ಹಾಕಿದರೆ ಯಾರೋ ಅದಕ್ಕೆ ತಮಗೆ ಬೇಕಾದ ಅರ್ಥ ಕಟ್ಟುತ್ತಾರೆ. ಯಾವ ಊರು, ಯಾರ ಮನೆಯಿಂದ ಏನು ಬರುತ್ತಿತ್ತು, ಹೆಜ್ಜೆಯ ಹಾಡು ಯಾರು ಹೇಳುತ್ತಿದ್ದರು, ಎಲ್ಲ ಬರೆಯಿರಿ. ನಿಮ್ಮ ಅಪ್ಪ ತೆಗೆದದ್ದರಲ್ಲಿ ಬಹಳ ಬೆಲೆಯುಳ್ಳ ಚಿತ್ರಗಳು ಇವೇ ಅಂತ ನನಗೆ ಅನ್ನಿಸುತ್ತದೆ.

ಇನ್ನು ಎಲ್ಲಿ ಹಾಕಬೇಕು ಅನ್ನುವುದು. ಒಂದೇ ಜಾಗವನ್ನು ನಂಬಬೇಡಿ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಬಿಟ್ಟರೆ ಬೇರೆಲ್ಲೂ ಪ್ರತಿ ಇಟ್ಟುಕೊಳ್ಳದವರ ಚಿತ್ರಗಳು ಹೋದವು. ಫೇಸ್‌ಬುಕ್‌ನಲ್ಲಿ ಊರಿನವರು ಬೇಗ ನೋಡುತ್ತಾರೆ, ಹೆಸರು ಹೇಳುತ್ತಾರೆ, ಅದು ಒಳ್ಳೆಯದೇ. ಆದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ವಾರ ಕಳೆದರೆ ಕೆಳಗೆ ಹೋಗಿ ಸಿಗುವುದೇ ಕಷ್ಟ. ಫ್ಲಿಕರ್ ಅನ್ನುವ ಫೋಟೋ ತಾಣದಲ್ಲಿ ಪುಕ್ಕಟೆಯಾಗಿ 1000 ಚಿತ್ರ ಇಡಬಹುದು, ಆಲ್ಬಂ ಆಗಿ ಜೋಡಿಸಬಹುದು. ಜಾತ್ರೆ, ಉರುಸ್, ಅಲಾಯಿಯಂಥ ಚಿತ್ರಗಳಿಗೆ ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್ ಕೂಡ ಒಳ್ಳೆಯ ಜಾಗ. ಆದರೆ ಅಲ್ಲಿ ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಅಪ್ಪನ ಚಿತ್ರಗಳ ಹಕ್ಕು ಈಗ ವಾರಸುದಾರರದ್ದು. ಅವ್ವ, ತಮ್ಮ, ನೀವು ಎಲ್ಲರೂ ಒಪ್ಪಿದ ಮೇಲೆ ಹಾಕಿ. ಮನೆಯ ಪಾಲಿನ ಚಿತ್ರಗಳನ್ನು ಗೂಗಲ್ ಫೋಟೋಸ್‌ನಲ್ಲಿಟ್ಟು ಸಂಬಂಧಿಕರನ್ನಷ್ಟೇ ಸೇರಿಸಿ. ಪುಕ್ಕಟೆ ಜಾಗ 15 ಜಿಬಿ. ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ, ಒಂದು ನಿಮ್ಮಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ.

ಸ್ಕ್ಯಾನ್ ಮಾಡುವಾಗ ನಾಲ್ಕು-ಆರು ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ) ಇಡಿ. ನೆಗೆಟಿವ್ ಸಿಕ್ಕರೆ ಪ್ರಿಂಟ್ ಬದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಅಂಟು ಹಾಳೆಯ ಆಲ್ಬಂಗಳಿಂದ ಪ್ರಿಂಟನ್ನು ಉಗುರಿನಿಂದ ಎಬ್ಬಿಸಬೇಡಿ, ನಮ್ಮ ಬಿಸಿಲಿಗೆ ಆ ಅಂಟು ಗಟ್ಟಿಯಾಗಿ ಕೂತಿರುತ್ತದೆ. ಹಲ್ಲಿನ ಸಂದಿಗೆ ಬಳಸುವ ದಾರ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಪ್ರಿಂಟಿನ ಅಡಿಗೆ ನಿಧಾನ ಎಳೆಯಿರಿ. ಅದಕ್ಕೂ ಬರದಿದ್ದರೆ ಪುಟದಲ್ಲಿ ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ.

ಪ್ರಶ್ನೆ: ಕಾಕಾ, ನಮ್ಮೂರ ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆಯ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೆ. ಯಾರೋ ಅದನ್ನು ಫ್ಲೆಕ್ಸ್ ಮೇಲೆ ಹಾಕಿಕೊಂಡಿದ್ದಾರೆ. ಕೇಳಿದರೆ ‘ನೆಟ್‌ನಲ್ಲಿ ಇತ್ತಲ್ಲ’ ಅನ್ನುತ್ತಾರೆ.
(ಕಾಲೇಜು ವಿದ್ಯಾರ್ಥಿನಿ, ಭಾಲ್ಕಿ)

ಉತ್ತರ: ನೋಡವ್ವಾ, ನೆಟ್‌ನಲ್ಲಿ ಇತ್ತು ಅಂದರೆ ಎಲ್ಲರದ್ದೂ ಅಂತಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀನು ನಿನ್ನ ಖುಷಿಗೆ ತೆಗೆದ ಚಿತ್ರದ ಹಕ್ಕು ನಿನ್ನದು. ಅದು ಚಿತ್ರ ತೆಗೆದವರು ಬದುಕಿರುವವರೆಗೂ, ಅವರ ನಂತರ 60 ವರ್ಷವೂ ಇರುತ್ತದೆ, ನೋಂದಣಿಯೂ ಕಡ್ಡಾಯವಲ್ಲ. ಮೊದಲು ಫ್ಲೆಕ್ಸಿನ ಫೋಟೋ ತೆಗೆದಿಟ್ಟುಕೋ. ಆಮೇಲೆ ಹೆಸರು ಹಾಕಿ ಇಲ್ಲವೇ ತೆಗೆಯಿರಿ ಅಂತ ಬರಹದಲ್ಲಿ ಕೇಳು. ಮೊಬೈಲ್‌ನಲ್ಲಿರುವ ಮೂಲ ಫೈಲ್ ಅಳಿಸಬೇಡ, ಅದೇ ನಿನ್ನ ಸಾಕ್ಷಿ. ಚಿತ್ರದ ನಡುವೆ ದೊಡ್ಡದಾಗಿ ಹೆಸರು ಬರೆಯುವುದು ಬೇಡ, ಎತ್ತಿನ ಕೊಂಬಿನ ಬಣ್ಣವೇ ಕಾಣದಂತಾಗುತ್ತದೆ. ಮೂಲೆಯಲ್ಲಿ ಸಣ್ಣದಾಗಿ ಇರಲಿ.

ಪ್ರಶ್ನೆ: ನಮ್ಮ ಮದುವೆಯ ಚಿತ್ರಗಳನ್ನು 1985ರಲ್ಲಿ ಸ್ಟುಡಿಯೋದವರು ತೆಗೆದದ್ದು. ಆನ್‌ಲೈನ್‌ನಲ್ಲಿ ಹಾಕಲು ಅವರ ಅನುಮತಿ ಬೇಕೇ?
(ಓದುಗರು, ಸುರಪುರ)

ಉತ್ತರ: ಬೇರೆ ಕರಾರು ಇಲ್ಲದಿದ್ದರೆ ಬೇಡ. ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೂ ಸ್ಟುಡಿಯೋ ಹೆಸರು ಬರೆಯಿರಿ ಅಂತ ಕೈಮುಗಿದು ಕೇಳುತ್ತೇನೆ. ಆಗ ಒಂದು ರೋಲ್‌ನಲ್ಲಿ 36 ಚಿತ್ರ. ತಾಳಿ ಕಟ್ಟುವ ಕ್ಷಣಕ್ಕೆ ಒಂದಾದರೂ ಉಳಿಯಲಿ ಅಂತ ಲೆಕ್ಕ ಹಾಕಿ ಹಾಕಿ ತೆಗೆಯುತ್ತಿದ್ದರು. ಪ್ರಿಂಟಿನ ಹಿಂದೆ ಅವರ ಸೀಲು ಇದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ, ಚಿತ್ರದ ಜೊತೆಗೇ ಹಾಕಿ.